ಈಗ ಬಾಣಲೆ ಇಡ್ತೀನಿ

೧೧ ಜನವರಿ ೧೯೯೯

ಐಲಾ ಅವರಿಗೆ,

ಡಿಸೆಂಬರಿನ ಪತ್ರ ಹಾಕಿ ಇನ್ನೂ ತಿಂಗಳಾಗಿಲ್ಲ, ಮತ್ತೆ ಬರೆಯುತ್ತಿದ್ದೇನೆ. ವರ್ಷಕ್ಕೊಂದು ಪತ್ರ, ಜೊತೆಗೆ ಸಿಗ್ನೆಯ ಒಂದು ಫೋಟೋ. ಅವಳು ನಮ್ಮ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ದತ್ತು ಸಂಸ್ಥೆಯ ಈ ನಿಯಮವನ್ನು ನಾನು ಒಮ್ಮೆಯೂ ಮೀರಿಲ್ಲ. ನಮ್ಮ ಪತ್ರಗಳನ್ನು ಮೊದಲು ಓದಿ, ಊರಿನ ಹೆಸರೋ ಮನೆತನದ ಹೆಸರೋ ಬಂದಲ್ಲೆಲ್ಲ ಕಪ್ಪು ಬಳಿದು ಕಳಿಸುತ್ತಾರಲ್ಲ, ಆ ಬರ್ನೀಸ್ ಅವರಿಗೆ ಫೋನ್ ಮಾಡಿ ಅಪ್ಪಣೆ ಪಡೆದ ಮೇಲೇ ಬರೆಯಲು ಕುಳಿತೆ.

ಸಿಗ್ನೆ ಚೆನ್ನಾಗಿದ್ದಾಳೆ ಎಂದು ಡಿಸೆಂಬರಿನಲ್ಲಿ ಬರೆದಿದ್ದೆ. ಅದು ಸುಳ್ಳು. ನವೆಂಬರಿನಲ್ಲಿ ಅವಳ ಶಾಲೆಯಲ್ಲಿ ಬೆಂಕಿ ಬಿದ್ದರೆ ಹೊರಗೆ ಹೋಗುವ ಕವಾಯತಿನ ಗಂಟೆ ಹೊಡೆಯಿತು. ಯಾರಿಗೂ ಹೇಳದೆ ಹೊಡೆಯುವುದೇ ಅದರ ಪದ್ಧತಿ. ಮಕ್ಕಳೆಲ್ಲ ಸಾಲಾಗಿ ಹಿಮದೊಳಕ್ಕೆ ಹೋಗಿ ನಿಂತರು. ಸಿಗ್ನೆ ಮಾತ್ರ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿಕೊಂಡಳು. ಅವಳ ಟೀಚರ್ ಮಿಸ್ ಓಡೆಗಾರ್ಡ್ ಕೈ ಹಿಡಿದು ಎಳೆದರು, ಇವಳು ಕುರ್ಚಿ ಎತ್ತಿ ಬೀಸಿದಳು. ಆ ಹೆಂಗಸಿನ ಮಣಿಕಟ್ಟು ಮುರಿಯಿತು.

ಇದೇ ಮೊದಲಲ್ಲ. ಬಲೂನು, ಮಿಕ್ಸರ್, ಚರ್ಚಿನ ದೊಡ್ಡ ಬಾಗಿಲು, ಎಲ್ಲಕ್ಕೂ ಹೀಗೇ. ನಾಲ್ಕು ಗಂಟೆ ಪ್ರಯಾಣದ ದೂರದಲ್ಲಿ ಇಂಥ ಮಕ್ಕಳಿಗೆಂದೇ ಒಂದು ವಸತಿ ಶಾಲೆ ಇದೆ, ಸೆಪ್ಟೆಂಬರಿನಿಂದ ಅಲ್ಲಿಗೆ ಸೇರಿಸಿ ಎನ್ನುತ್ತಿದ್ದಾರೆ ಶಾಲೆಯವರು. ಶಾಲೆಯ ಸಮಿತಿ ಮೇ ೨೭ಕ್ಕೆ ಕೂತು ತೀರ್ಮಾನ ಮಾಡುತ್ತದೆ. ನನ್ನ ಗಂಡ ಆರ್ಲೆನ್ ಅರ್ಧ ಒಪ್ಪಿಬಿಟ್ಟಿದ್ದಾನೆ. ಡಾಕ್ಟರು ಮಾತ್ರ ಮೊದಲು ವಂಶದ ಕತೆ ತನ್ನಿ ಎಂದರು. "ರಕ್ತದಲ್ಲೇ ಇದ್ರೆ ಒಂದು ದಾರಿ, ನೀವು ಬೆಳೆಸಿದ್ರಲ್ಲಿ ಎಡವಟ್ಟಾಗಿದ್ರೆ ಇನ್ನೊಂದು ದಾರಿ," ಅಂತ.

ದತ್ತಿನ ಸಮಯದಲ್ಲಿ ಹೆತ್ತ ತಾಯಿಯಾಗಿ ನೀವು ತುಂಬಿಕೊಟ್ಟ ಫಾರಂ ನನ್ನ ಮುಂದಿದೆ. ನಲವತ್ತೊಂದು ಕಾಯಿಲೆಗಳ ಪಟ್ಟಿ, ನಲವತ್ತೊಂದಕ್ಕೂ 'ಇಲ್ಲ'. ಬೇಸರ ಮಾಡಿಕೊಳ್ಳಬೇಡಿ, ನಮ್ಮ ಮನೆತನದ್ದನ್ನು ನಾನು ತುಂಬಿದಾಗಲೇ ಒಂಬತ್ತು 'ಹೌದು' ಬಂದಿದ್ದವು. ನಿಜ ಹೇಳಿ, ನಿಮ್ಮ ಕಡೆ ಸಿಗ್ನೆಯ ಹಾಗೆ ಯಾರಾದರೂ ಇದ್ದರೇ?

ನಿಮ್ಮ,
ಮಾರ್ಲಿಸ್


೩೦ ಜನವರಿ ೧೯೯೯

ಮಾರ್ಲಿಸ್ ಅವರಿಗೆ,

ನಮ್ಮ ಕಡೆ ಯಾರಿಗೂ ಏನೂ ಇಲ್ಲ. ಎಲ್ಲರೂ ಗಟ್ಟಿಮುಟ್ಟು.

ನಾನು ಹೊಗೆಯಲ್ಲಿಟ್ಟ ಮೀನು ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕೆಲವರು ಅರ್ಧ ಮೀನು ತಿಂದು ಮುಗಿಸಿ, ಉಳಿದರ್ಧ ಕಾಗದದಲ್ಲಿ ಸುತ್ತಿಕೊಂಡು ಬಂದು, "ಇದು ಮೊದ್ಲಿಂದಾನೇ ಹೀಗಿತ್ತಾ?" ಎಂದು ಕೇಳುತ್ತಾರೆ. ನಿಮ್ಮ ಪತ್ರದ ದನಿ ನನಗೆ ಚೆನ್ನಾಗಿ ಪರಿಚಯವಿದೆ. ಹನ್ನೊಂದು ವರ್ಷ ಅವಳು ನಿಮ್ಮ ಮನೆಯ ಅನ್ನ ತಿಂದಿದ್ದಾಳೆ, ನನ್ನದಲ್ಲ.

ಮೂರು ಮಾತು ಕೇಳಬೇಕು. ಅವಳು ತಲೆದಿಂಬನ್ನು ತಲೆಯ ಕೆಳಗಿಟ್ಟು ಮಲಗುತ್ತಾಳೋ, ತಲೆಯ ಮೇಲಿಟ್ಟುಕೊಂಡೋ? ಕಿವಿ ಮುಚ್ಚುವುದು ಸದ್ದಾದ ಮೇಲೋ, ಆಗುವ ಮುಂಚೆಯೋ? ಮಿಸ್ ಓಡೆಗಾರ್ಡ್ ಎಳೆದದ್ದು ಹಿಂದಿನಿಂದಲೋ?

ಉತ್ತರ ಬೇಕಿಲ್ಲ. ಸುಮ್ಮನೆ ಕೇಳಿದೆ.

ಐಲಾ

ಬರ್ನೀಸ್, ಇದರಲ್ಲಿ ಊರೂ ಇಲ್ಲ ಕೇರಿಯೂ ಇಲ್ಲ. ಪೆನ್ನು ಮುಚ್ಚಿಡಿ.


೨೨ ಫೆಬ್ರವರಿ ೧೯೯೯

ಐಲಾ ಅವರಿಗೆ,

ಮೀನಿನ ಮಾತು ನನಗೆ ತಾಗಿತು. ತಾಗಬೇಕಾದದ್ದೇ. ಕ್ಷಮಿಸಿ.

ದಿಂಬು ತಲೆಯ ಮೇಲೆ. ಮೊದಲಿನಿಂದಲೂ. ಕಿವಿ ಮುಚ್ಚುವುದು ಮುಂಚೆಯೇ. ಯಾರೋ ಪಾತ್ರೆಯ ಮುಚ್ಚಳಕ್ಕೆ ಕೈ ಹಾಕಿದರೆ ಸಾಕು, ಇವಳ ಕೈ ಕಿವಿಗೆ ಹೋಗಿರುತ್ತದೆ. ಹಿಂದಿನಿಂದಲೇ ಎಳೆದದ್ದು ಎಂದು ಮಿಸ್ ಓಡೆಗಾರ್ಡ್ ಹೇಳಿದರು. ನಾನು ಕೇಳುವ ತನಕ ಅವರನ್ನು ಅದನ್ನು ಯಾರೂ ಕೇಳಿರಲಿಲ್ಲ. ಇದೆಲ್ಲ ನಿಮಗೆ ಹೇಗೆ ಗೊತ್ತು?

ನಾನೂ ಒಂದು ವಿಷಯ ಮುಚ್ಚಿಡದೆ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಸಿಗ್ನೆಗೆ ಏಳಾದಾಗಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಹಾಳೆಯ ನಡುವೆ ಒಂದು ಗೆರೆ. ಎಡಗಡೆ ಹುಟ್ಟಿನಿಂದ ಬಂದದ್ದು, ಬಲಗಡೆ ನಮ್ಮಲ್ಲಿ ಕಲಿತದ್ದು. ಯಾವ ದಿನ ಏನಾಯಿತು, ಎಷ್ಟು ಹೊತ್ತಿಗೆ, ಮುಂಚೆ ಏನಾಗಿತ್ತು, ಎಲ್ಲವೂ ಇದೆ. ನಮ್ಮ ಊರಿನ ನದಿಯ ಮೇಲಿನ ಹಿಮಗಡ್ಡೆ ವಸಂತದಲ್ಲಿ ಬಿರಿಯುವುದು ನಮಗೆಲ್ಲರಿಗಿಂತ ಒಂದು ದಿನ ಮೊದಲು ಸಿಗ್ನೆಗೆ ಕೇಳಿಸುತ್ತದೆ. ಅದನ್ನು ಬಲಗಡೆ ಬರೆದಿದ್ದೇನೆ, ಆರ್ಲೆನ್ ಅವಳನ್ನು ನದಿಯ ದಂಡೆಗೆ ಕರೆದುಕೊಂಡು ಹೋಗಿ ಹೋಗಿ ಕಲಿಸಿದ್ದು ಎಂದು. ನಿಮಗೆ ಇದು ಲೆಕ್ಕಾಚಾರದ ಹಾಗೆ ಕಾಣಬಹುದು. ಅವಳನ್ನು ಅರ್ಥಮಾಡಿಕೊಳ್ಳಲು ನನಗೆ ಬೇರೆ ದಾರಿ ತಿಳಿದಿರಲಿಲ್ಲ.

ಬರೆಯುತ್ತೀರಲ್ಲ?

ಮಾರ್ಲಿಸ್


೨೯ ಮಾರ್ಚ್ ೧೯೯೯

ಐಲಾ,

ನಿಮ್ಮ ಉತ್ತರ ಬರಲಿಲ್ಲ. ಕೋಪ ಬಂದಿರಬೇಕು. ಅದನ್ನು ಇನ್ನೂ ಸ್ವಲ್ಪ ಹೆಚ್ಚಿಸುವಂಥ ಸುದ್ದಿ ತಂದಿದ್ದೇನೆ.

ಸಿಗ್ನೆಗೆ ನೋಟ್‌ಬುಕ್ ಸಿಕ್ಕಿತು. ಅಂಟು ಹುಡುಕಲು ನನ್ನ ಮೇಜಿನ ಡ್ರಾ ತೆಗೆದಿದ್ದಾಳೆ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅಡುಗೆಮನೆಯ ಮೇಜಿನ ಮೇಲೆ ಅದು ಇತ್ತು, ಪಕ್ಕದಲ್ಲಿ ಅವಳು ಕೋಟು ಹಾಕಿಕೊಂಡು ಕೂತಿದ್ದಳು, ಕಾಲ ಬಳಿ ಬೇಸಿಗೆ ಶಿಬಿರದ ಚೀಲ. ಬಟ್ಟೆಯೆಲ್ಲ ಅಚ್ಚುಕಟ್ಟಾಗಿ ತುಂಬಿಕೊಂಡಿದ್ದಳು.

"ಎಡಗಡೆಯೋಳು ಹೋಗ್ಬೇಕಲ್ವಾ? ಯಾವತ್ತು ಅಂತ ಹೇಳಿ," ಎಂದಳು. ಅಳಲಿಲ್ಲ. ಬಸ್ಸಿನ ಸಮಯ ಕೇಳಿದಂತೆ ಕೇಳಿದಳು.

ಏನು ಹೇಳಿದೆನೋ ನನಗೆ ಜ್ಞಾಪಕವಿಲ್ಲ, ಎಲ್ಲವೂ ತಪ್ಪಾಗಿಯೇ ಬಂತು. ಕೊನೆಗೆ ಅವಳು ಕೇಳಿದ್ದು ಇದು: "ನಾನು ಕಿವಿ ಮುಚ್ಕೋತಿದ್ದೆ ಅಂತಾನೇ ಅವಳೂ ನನ್ನ ಕೊಟ್ಬಿಟ್ಟಿದ್ದಾ?"

ಹನ್ನೆರಡು ದಿನವಾಯಿತು. ಊಟಕ್ಕೆ ಬರುತ್ತಾಳೆ, ಶಾಲೆಗೆ ಹೋಗುತ್ತಾಳೆ. ಚೀಲ ಮಂಚದ ಕೆಳಗಿದೆ, ಬಿಚ್ಚಿಲ್ಲ. ಸಮಿತಿ ಕಳಿಸುವುದಕ್ಕೆ ಮುಂಚೆ ಅವಳೇ ನಮ್ಮನ್ನು ಬಿಟ್ಟು ಹೋಗಿದ್ದಾಳೆ. ನನಗೆ ಮಗಳು ಬೇಕು ಐಲಾ. ಡಾಕ್ಟರಿಗೆ ಉತ್ತರ ಕೊಡದಿದ್ದರೂ ಚಿಂತೆಯಿಲ್ಲ, ಅವಳಿಗೊಂದು ಉತ್ತರ ಕೊಡಿ.

ಮಾರ್ಲಿಸ್


೯ ಏಪ್ರಿಲ್ ೧೯೯೯

ಮಾರ್ಲಿಸ್,

ಇನ್ನು ನಿನ್ನನ್ನು ನೀವು ತಾವು ಎನ್ನಲಾರೆ. ಈ ಪತ್ರ ಬರೆಯುತ್ತಾ ನಾಲ್ಕು ಸಲ ಎದ್ದು ಹೋಗಿದ್ದೇನೆ. ನಿನ್ನ ಮೇಲೆ ಇಷ್ಟು ಸಿಟ್ಟಿದ್ದರೂ ಬರೆಯುತ್ತಿರುವುದು ಆ ಚೀಲಕ್ಕಾಗಿ.

ನಲವತ್ತೊಂದು 'ಇಲ್ಲ'ಗಳು ಸುಳ್ಳು. ನನಗಾಗ ಹತ್ತೊಂಬತ್ತು. ಒಂದೇ ಒಂದು 'ಹೌದು' ಹಾಕಿದರೂ ಕೂಸನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂದುಕೊಂಡೆ. ಹಾಗಾಗಿ 'ಇಲ್ಲ' ಎಂಬಲ್ಲಿ ಮೇಲಿಂದ ಕೆಳಗಿನ ತನಕ ಗೆರೆ ಎಳೆದುಬಿಟ್ಟೆ. ಓದಲೂ ಇಲ್ಲ.

ನನ್ನ ಅಪ್ಪ ಟೌನೊ. ಅವನ ಅಕ್ಕ ಲೆಂಪಿ, ಅವನಿಗಿಂತ ಒಂದೇ ವರ್ಷ ದೊಡ್ಡವಳು. ಇಬ್ಬರೂ ಹುಟ್ಟಿನಿಂದಲೇ ಸಿಗ್ನೆಯ ಹಾಗೆ, ದಿಂಬು ತಲೆಯ ಮೇಲೆ, ಕೈ ಕಿವಿಯ ಮೇಲೆ. ಇಬ್ಬರೂ ಸಣ್ಣವರಿದ್ದಾಗಲೇ ತಾಯಿ ಕ್ಷಯದಿಂದ ತೀರಿಕೊಂಡಳು. ಮಕ್ಕಳನ್ನು ಹಂಚಿಕೊಂಡರು. ಹುಡುಗ ಕಬ್ಬಿಣದ ಗಣಿಯ ಊರಿಗೆ, ಚಿಕ್ಕಪ್ಪನ ಮನೆಗೆ ಹೋದ. ಹುಡುಗಿ ಸರೋವರದ ದಂಡೆಗೆ, ಅಜ್ಜಿಯ ಮನೆಗೆ.

ಗಣಿಯಲ್ಲಿ ದಿನಾ ಬಂಡೆ ಸಿಡಿಸುತ್ತಿದ್ದರು. ಅಪ್ಪ ಊಟದ ಮೇಜಿನಲ್ಲಿ ಕಿವಿ ಮುಚ್ಚಿಕೊಂಡರೆ ಚಿಕ್ಕಪ್ಪ, "ಗಂಡಸಾಗೋ!" ಎಂದು ಹಿಂದಿನಿಂದ ತಲೆಗೆ ಹೊಡೆಯುತ್ತಿದ್ದ. ಕಿವಿ ಮುಚ್ಚಿದ್ದಕ್ಕೆ ಏಟು, ಏಟು ಬಿದ್ದೀತೆಂದು ಮತ್ತೆ ಕಿವಿಗೆ ಕೈ. ಅದು ಎಲ್ಲಿ ಶುರುವಾಯಿತು ಎಂದು ನಿನ್ನ ನೋಟ್‌ಬುಕ್ಕಿನಲ್ಲಿ ಯಾವ ಕಡೆ ಬರೆಯುತ್ತೀಯೋ ಬರೆ. ಹದಿನಾರಕ್ಕೆ ಅವನನ್ನೂ ಗಣಿಗೆ ಇಳಿಸಿದರು. ನಾನು ಹುಟ್ಟುವ ಹೊತ್ತಿಗೆ ಅವನೇ ಆ ಚಿಕ್ಕಪ್ಪನಾಗಿದ್ದ. ನಮ್ಮ ಮನೆಯಲ್ಲಿ ಚಮಚ ಬಿದ್ದರೆ ಅಮ್ಮನಿಗೆ ಏಟು. ನಾನು ಬೆಕ್ಕಿನ ಹಾಗೆ ನಡೆಯುವುದನ್ನು ಕಲಿತೆ, ಈಗಲೂ ಹಾಗೇ ನಡೆಯುತ್ತೇನೆ, ಅಂಗಡಿಗೆ ಬಂದವರು ಬೆಚ್ಚಿಬೀಳುತ್ತಾರೆ. ಅವನು ಆಸ್ಪತ್ರೆಯಲ್ಲಿ, ನಲವತ್ತು ಮಂಚಗಳ ಗದ್ದಲದ ವಾರ್ಡಿನಲ್ಲಿ ಸತ್ತ. ಅಂಥವನಿಗೆ ಅಂಥ ಜಾಗ.

ಈಗ ಲೆಂಪಿ ಅತ್ತೆಯ ಮಾತು. ಅವಳಿಗೀಗ ಎಪ್ಪತ್ತೆರಡು, ನಾನಿರುವುದು ಅವಳ ಜೊತೆಯಲ್ಲೇ. ಚರ್ಚಿಗೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಹೋಗುತ್ತಾಳೆ. ಹೋಟೆಲಿನಲ್ಲಿ ಜನ್ಮದಲ್ಲಿ ಉಂಡಿಲ್ಲ. ಮಾತಿನಲ್ಲಿ ಯಾರನ್ನೂ ಬಿಡುವವಳಲ್ಲ, ಮೂವತ್ತು ವರ್ಷ ಪಿಯಾನೋ ಶ್ರುತಿ ಮಾಡಿ ಬದುಕಿದಳು, ಈ ದಂಡೆಯ ಮೇಲೆ ಅವಳ ಕಿವಿಯಷ್ಟು ಹೆಸರುವಾಸಿ ಬೇರೆ ಯಾವುದೂ ಇಲ್ಲ. ಅವಳನ್ನು ಸಾಕಿದ ಅಜ್ಜಿಗೆ ಒಂದು ಅಭ್ಯಾಸ ಇತ್ತಂತೆ. ಏನೇ ಸದ್ದು ಮಾಡುವ ಮೊದಲು ಹೇಳುತ್ತಿದ್ದಳು. "ಲೆಂಪಿ, ಈಗ ಬಾಣಲೆ ಇಡ್ತೀನಿ ಕಣೇ." "ಈಗ ಸೌದೆ ಒಡೀತೀನಿ, ಹತ್ತೇ ಏಟು, ಎಣಿಸ್ಕೋ." ಅಷ್ಟೇ. ವೈದ್ಯವೂ ಇಲ್ಲ, ಮಂತ್ರವೂ ಇಲ್ಲ. ಈಗ ಅತ್ತೆ ನನಗೆ ಹೇಳುತ್ತಾಳೆ, "ಐಲಾ, ಈಗ ಸೀನ್ತೀನಿ," ಅಂತ. ನಾನೂ ಅವರದೇ ಪೈಕಿ, ಇನ್ನು ಮುಚ್ಚಿಡುವುದೇನು. ನಮ್ಮ ಫೋನಿಗೆ ಉಣ್ಣೆಯ ಟೊಪ್ಪಿಗೆ ತೊಡಿಸಿ ಬೀರುವಿನೊಳಗೆ ಇಟ್ಟಿದ್ದೇನೆ. ರಿಂಗಾದರೆ ಇಬ್ಬರೂ ಕೆಲಸ ಬಿಟ್ಟು ಅದು ನಿಲ್ಲುವ ತನಕ ಹೊರಗೆ ಹೋಗಿ ನಿಲ್ಲುತ್ತೇವೆ.

ಒಡಹುಟ್ಟಿದವರ ರಕ್ತ ಪೂರ್ತಿ ಒಂದೇ ಅಲ್ಲ ಎಂದು ನೀನು ಟೀಚರಮ್ಮ ಹೇಳುತ್ತೀಯ. ಹೇಳು. ನನಗೆ ಗೊತ್ತಿರುವುದು ಇಷ್ಟು: ಒಂದು ಮನೆಯಲ್ಲಿ ಹೊಡೆದು ಆಮೇಲೆ ಹೇಳುತ್ತಿದ್ದರು, ಇನ್ನೊಂದರಲ್ಲಿ ಹೇಳಿ ಆಮೇಲೆ ಸದ್ದು ಮಾಡುತ್ತಿದ್ದರು. ಬಾಣಲೆಯಂತೂ ಎರಡು ಮನೆಯಲ್ಲೂ ಇತ್ತು.

ಸಿಗ್ನೆಗೆ ಈ ಪತ್ರ ಪೂರ್ತಿ ಓದಿ ಹೇಳು, ಅಪ್ಪನ ಭಾಗವನ್ನೂ ಬಿಡಬೇಡ. ಮುಂದಿನದು ಅವಳಿಗೇ.

ಸಿಗ್ನೆ, ನೀನು ಹುಟ್ಟಿದ ಎರಡನೆಯ ದಿನ ನರ್ಸಿನ ಕೈಯಿಂದ ತಟ್ಟೆ ಜಾರಿ ಬಿತ್ತು. ನಿನ್ನ ಎರಡೂ ಕೈ ಮೇಲಕ್ಕೆ ಹೋದವು. "ಎಲ್ಲ ಕೂಸುಗಳೂ ಹಾಗೇ ಮಾಡ್ತಾವೆ, ಹೆದರ್ಬೇಡಮ್ಮ," ಎಂದಳು ಅವಳು. ನಾನು ನಂಬಲಿಲ್ಲ. ನನಗೆ ಕಂಡದ್ದು ನಮ್ಮಪ್ಪನ ಕೈ. ಮಾರನೆಯ ದಿನ ನಾನು ಹೋಗಬೇಕಾಗಿದ್ದದ್ದು ಅವನ ಮನೆಗೆ. ಚಮಚ ಬಿದ್ದರೆ ಹೊಡೆಯುವ ಮನೆಗೆ ಅಳುವ ಕೂಸನ್ನು ಹೇಗೆ ಕರೆದುಕೊಂಡು ಹೋಗಲಿ? ಆಗ ಲೆಂಪಿ ಅತ್ತೆಯ ಪರಿಚಯವೇ ನನಗಿರಲಿಲ್ಲ, ಅವಳನ್ನು ಹುಡುಕಿಕೊಂಡು ಹೋಗಿದ್ದು ಎಷ್ಟೋ ವರ್ಷದ ಮೇಲೆ. ನೀನು ಕಿವಿ ಮುಚ್ಚಿಕೊಂಡೆ ಎಂದು ನಿನ್ನನ್ನು ಕೊಡಲಿಲ್ಲ. ಕಿವಿ ಮುಚ್ಚಿಕೊಂಡದ್ದಕ್ಕೆ ಯಾರೂ ನಿನ್ನನ್ನು ಹೊಡೆಯದ ಜಾಗ ಬೇಕಿತ್ತು.

ಹಿಮಗಡ್ಡೆ ಬಿರಿಯುವುದು ಲೆಂಪಿ ಅತ್ತೆಗೂ ಒಂದು ದಿನ ಮೊದಲೇ ಕೇಳಿಸುತ್ತದೆ. ನಿನ್ನಮ್ಮನಿಗೆ ಹೇಳು, ಅದು ಬಲಗಡೆಯದಲ್ಲ. ನದಿಯ ದಂಡೆಗೆ ಕರೆದುಕೊಂಡು ಹೋಗುವ ಅಪ್ಪ ಸಿಗದಿದ್ದರೆ ಕೇಳಿಸುತ್ತಿರಲೂ ಇಲ್ಲ, ಅದನ್ನೂ ಹೇಳು.

ನಮ್ಮ ಫೋನ್ ನಂಬರ್ ಕೆಳಗಿದೆ. ಬರ್ನೀಸ್, ನಿಮ್ಮ ಕೆಲಸ ನೀವು ಮಾಡಿ, ನಾನು ಬರೆಯುವುದು ಬರೆಯುತ್ತೇನೆ.

ಐಲಾ


೬ ಮೇ ೧೯೯೯

ಪ್ರೀತಿಯ ಐಲಾ,

ನಂಬರಿನ ಮೇಲೆ ಕಪ್ಪು ಬಳಿದು ಬಂತು. ಉಳಿದದ್ದನ್ನು ಸಿಗ್ನೆಗೆ ಪೂರ್ತಿ ಓದಿದೆ. ಎರಡು ಕಡೆ ನಾನು ಓದು ನಿಲ್ಲಿಸಿದಾಗ ಅವಳೇ ಪತ್ರ ಕಿತ್ತುಕೊಂಡು ಮುಂದೆ ಓದಿಕೊಂಡಳು. ಆಮೇಲೆ, "ಲೆಂಪಿಯಜ್ಜಿ ಹತ್ತಿ ಯಾವ ಥರದ್ದು ಇಡ್ತಾರಂತೆ?" ಎಂದು ಕೇಳಿದಳು. ಒಂದು ತಿಂಗಳಾದ ಮೇಲೆ ಅವಳಾಗಿ ಆಡಿದ ಮೊದಲ ಮಾತು ಅದು. ದಯವಿಟ್ಟು ತಿಳಿಸು.

ನಾವು ಹೇಳಲು ಶುರು ಮಾಡಿದೆವು. ಈಗ ಬಾಗಿಲು ಹಾಕ್ತೀನಿ, ಈಗ ಮಿಕ್ಸರ್. ಆರ್ಲೆನ್‌ಗೆ ಅಳತೆ ಎಂಬುದೇ ಗೊತ್ತಿಲ್ಲ, ಕೆಮ್ಮುವುದಕ್ಕೂ ಸಾರುತ್ತಾನೆ. ಮೂರನೆಯ ದಿನ ಸಿಗ್ನೆ, "ಅಪ್ಪಾ, ಕೆಮ್ಮೋದಕ್ಕೆಲ್ಲ ಹೇಳ್ಬೇಡ, ನಂಗೇನು ಹುಚ್ಚಾ?" ಎಂದಳು. ಅವನು, "ಸರಿ, ಈಗ ಸುಮ್ನಾಗ್ತೀನಿ," ಎಂದ. ಅವಳು ನಕ್ಕುಬಿಟ್ಟಳು. ಅವನು ಎದ್ದು ಗ್ಯಾರೇಜಿಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ.

ಎಲ್ಲವೂ ಸರಿಹೋಯಿತು ಎಂದು ತಿಳಿಯಬೇಡ. ಹೋದ ವಾರ ಪಕ್ಕದ ಮನೆಯವರ ಕಾರಿನ ಹಾರನ್‌ಗೆ ಅವಳು ತನ್ನ ಕೈಯನ್ನೇ ಕಚ್ಚಿಕೊಂಡಳು. ಚೀಲದಿಂದ ಕಾಲುಚೀಲಗಳು ಮಾತ್ರ ಹೊರಬಂದಿವೆ.

ಆದರೆ ಇದನ್ನು ಕೇಳು. ನಿನ್ನೆ ತಿಂಗಳ ಮೊದಲ ಬುಧವಾರ, ಎಲ್ಲ ತಿಂಗಳಿನ ಹಾಗೆ ಮಧ್ಯಾಹ್ನ ಒಂದು ಗಂಟೆಗೆ ಸುಂಟರಗಾಳಿ ಎಚ್ಚರಿಕೆಯ ಸೈರನ್ನಿನ ಪರೀಕ್ಷೆ. ನಿನ್ನ ಊರಲ್ಲೂ ಕೂಗಿರಬೇಕು. ನಾನು ಗಡಿಯಾರವನ್ನೇ ನೋಡುತ್ತಾ ಕೂತಿದ್ದೆ. ಸಂಜೆ ಕೇಳಿದರೆ ಸಿಗ್ನೆ, "ಅದಾ? ಅದು ಒಂದು ಗಂಟೆಗೆ ಬರುತ್ತಲ್ಲಮ್ಮಾ," ಎಂದಳು. ನಾನು ಓಡಿಹೋಗಿ ನೋಟ್‌ಬುಕ್ ತೆಗೆದೆ. ನಾಲ್ಕು ವರ್ಷದಲ್ಲಿ ಮೊದಲ ಬುಧವಾರದ ಮಧ್ಯಾಹ್ನ ಒಂದೇ ಒಂದು ದಾಖಲೆ ಇಲ್ಲ! ಊರಿನ ಅತಿ ದೊಡ್ಡ ಸದ್ದಿಗೆ ಅವಳು ಒಂದು ಸಲವೂ ಬೆಚ್ಚಿಲ್ಲ. ಆದದ್ದನ್ನೆಲ್ಲ ಬರೆದಿಟ್ಟೆ, ಆಗದೆ ಇದ್ದದ್ದನ್ನು ನೋಡಲೇ ಇಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ನನಗೆ ನಾಚಿಕೆಯಾಗುತ್ತಿದೆ.

ನಿನ್ನ ಅಪ್ಪನ ವಿಷಯ ಡಾಕ್ಟರಿಗೆ ಹೇಳಿದೆ. ಲೆಂಪಿಯವರ ವಿಷಯವನ್ನೂ ಹೇಳಿದೆ, ಮೊದಲು ಅದನ್ನೇ ಹೇಳಿದೆ. ಅವರು ಬರೆದುಕೊಂಡದ್ದು ಅಪ್ಪನದನ್ನು ಮಾತ್ರವೋ ಏನೋ. ಇಪ್ಪತ್ತೇಳಕ್ಕೆ ತಿಳಿಯುತ್ತದೆ. ಸಿಗ್ನೆ ತಾನೂ ಸಮಿತಿಯ ಮುಂದೆ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ.

ನಿನ್ನ,
ಮಾರ್ಲಿಸ್


೮ ಜೂನ್ ೧೯೯೯

ಐಲಾ ಅವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕು ಎಂದು ಅಮ್ಮನನ್ನು ಕೇಳಿದೆ, ನೀನೇ ಅವರನ್ನು ಕೇಳು ಎಂದಳು. ಸದ್ಯಕ್ಕೆ ಹೀಗೇ ಇರಲಿ.

ಸಮಿತಿಯಲ್ಲಿ ಐದು ಜನ ಇದ್ದರು. ಟೈ ಕಟ್ಟಿದ್ದವರು ಡಾಕ್ಟರ ಕಾಗದ ಓದಿದರು, ಅದರಲ್ಲಿ ನಿಮ್ಮ ಅಪ್ಪ ಇದ್ದರು. ಲೆಂಪಿಯಜ್ಜಿ ಇರಲಿಲ್ಲ. ನಾನು ಕೈ ಎತ್ತಿ ಲೆಂಪಿಯಜ್ಜಿಯ ಬಗ್ಗೆ ಹೇಳಿದೆ. ಬುಧವಾರದ್ದನ್ನೂ ಹೇಳಿದೆ, ಅಮ್ಮನ ನೋಟ್‌ಬುಕ್ ತೋರಿಸಿದೆ. ಆಗ ಹಿಂದೆ ಕೂತಿದ್ದ ಮಿಸ್ ಓಡೆಗಾರ್ಡ್ ಎದ್ದು, "ಮುರಿದದ್ದು ನನ್ನ ಕೈ, ಹಾಗಾಗಿ ಮೊದಲು ನನ್ನ ಮಾತು ಕೇಳಿ. ಇನ್ನೊಂದು ಸಲ ನಾನು ಮುಂದಿನಿಂದ ಬರ್ತೀನಿ, ಹೇಳಿ ಬರ್ತೀನಿ," ಎಂದರು. ಕವಾಯತು ಇರುವ ದಿನ ಬೆಳಿಗ್ಗೆ ನನಗೊಬ್ಬಳಿಗೆ ಗುಟ್ಟಾಗಿ ತಿಳಿಸುತ್ತಾರಂತೆ. ಕ್ರಿಸ್‌ಮಸ್ ತನಕ ಇದೇ ಶಾಲೆಯಲ್ಲಿ ಇಟ್ಟು ನೋಡೋಣ ಎಂದಿದ್ದಾರೆ ಸಮಿತಿಯವರು. ಆಮೇಲೆ ಏನೋ ಗೊತ್ತಿಲ್ಲ. ಚೀಲ ಬಿಚ್ಚಿದ್ದೇನೆ, ಬೇಸಿಗೆ ಶಿಬಿರಕ್ಕೆ ಅದು ಬೇಕು.

ನೋಟ್‌ಬುಕ್ ಈಗ ನನ್ನ ಹತ್ತಿರ ಇದೆ. ನಡುವಿನ ಗೆರೆ ಅಳಿಸಿಕೊಡು ಎಂದೆ, ಅಮ್ಮ ಅದನ್ನು ಪೆನ್ನಿನಲ್ಲಿ ಎಳೆದಿದ್ದಾಳೆ, ಹೋಗಲಿಲ್ಲ. ಅದರ ಮೇಲೆಯೇ ಬರೆಯುತ್ತೇನೆ.

ನಿಮ್ಮ ಏಪ್ರಿಲ್ ಪತ್ರದ ನಂಬರಿನ ಮೇಲೆ ಬರ್ನೀಸ್ ಅವರು ಕಪ್ಪು ಬಳಿದಿದ್ದಾರೆ. ಆದರೆ ಬಿಸಿಲಿಗೆ ಕಿಟಕಿಯ ಗಾಜಿಗೆ ಹಿಡಿದರೆ ಏಳು ಅಂಕಿಯೂ ಚೆನ್ನಾಗಿ ಕಾಣುತ್ತವೆ. ಹಳೆಯ ಪತ್ರಗಳನ್ನೆಲ್ಲ ಹಿಡಿದು ನೋಡಿದೆ, ಅವುಗಳಲ್ಲಿ ಏನೂ ಕಾಣುವುದಿಲ್ಲ. ಈ ಸಲ ಮಾತ್ರ ತೆಳುವಾಗಿ ಬಳಿದಿದ್ದಾರೆ. ಬರ್ನೀಸ್ ಅವರೇ, ಥ್ಯಾಂಕ್ಸ್. ಈ ಸಾಲನ್ನು ಬೇಕಾದರೆ ಬಳಿಯಿರಿ.

ಅಮ್ಮ ಅಪ್ಪ ಇಬ್ಬರೂ ಒಪ್ಪಿದ್ದಾರೆ. ಅದಕ್ಕೇ ಮುಂಚೆಯೇ ಹೇಳುತ್ತಿದ್ದೇನೆ. ಜೂನ್ ೧೯, ಶನಿವಾರ, ಸಂಜೆ ನಾಲ್ಕು ಗಂಟೆಗೆ ನಿಮ್ಮ ಬೀರುವಿನೊಳಗೆ ಫೋನ್ ರಿಂಗಾಗುತ್ತದೆ. ಲೆಂಪಿಯಜ್ಜಿಗೂ ಹೇಳಿಡಿ. ಟೊಪ್ಪಿಗೆ ತೆಗೆಯಬೇಡಿ, ಹಾಗೇ ಇರಲಿ. ಹೊರಗೆ ಹೋಗಿ ನಿಲ್ಲಬೇಡಿ, ಅದು ನಾನೇ. ಆರು ಸಲ ರಿಂಗಾಗುತ್ತದೆ, ಎಣಿಸಿಕೊಳ್ಳಿ. ಅಷ್ಟರಲ್ಲಿ ತೆಗೆಯಲು ಆಗದಿದ್ದರೆ ಪರವಾಗಿಲ್ಲ, ಮುಂದಿನ ಶನಿವಾರ ನಾಲ್ಕು ಗಂಟೆಗೇ ಮತ್ತೆ ಮಾಡುತ್ತೇನೆ.

ಸಿಗ್ನೆ